ಒಳಗೆ ಬಿಟ್ಟ ಎರಡು ಇಂಚು

ಹೋದ ವರ್ಷ ಪುತ್ತರಿಗೆ, ಅಂದರೆ ಕೊಡವರ ಸುಗ್ಗಿ ಹಬ್ಬಕ್ಕೆ, ಇನ್ನೂ ಮೂರು ವಾರ ಇತ್ತು. ಒಬ್ಬ ಹುಡುಗ ಗೋಣಿಕೊಪ್ಪದ ನನ್ನ ಟೈಲರ್ ಅಂಗಡಿಗೆ ಒಂದು ಹಳೇ ಕುಪ್ಯ ತಂದ. ಅವನ ಅಜ್ಜನದಂತೆ. ಪೇಪರ್ ಬಿಚ್ಚಿದರೆ ನುಸಿಗುಳಿಗೆ ವಾಸನೆ. ಮಡಚಿದ ಕಡೆ ಬಟ್ಟೆ ಗೆರೆ ಕಟ್ಟಿತ್ತು, ಆದರೆ ಎಲ್ಲೂ ಹರಿದಿರಲಿಲ್ಲ. 'ಇದು ನಂಗೆ ಆಗೋ ಹಾಗೆ ಮಾಡ್ಬಹುದಾ?' ಎಂದು ಕೇಳಿದ. ಹುಡುಗನ ಎದೆ ಅಗಲ. ಅಜ್ಜ ಸಣಕಲು ಮನುಷ್ಯ ಇದ್ದಿರಬೇಕು.

ಕೊಡಗಿನ ಹೊರಗಿನವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಕುಪ್ಯ ಅಂದರೆ ಕೊಡವ ಗಂಡಸರು ಹಬ್ಬ, ಮದುವೆಗೆ ಹಾಕುವ ಉದ್ದನೆಯ ಅಂಗಿ. ಕಪ್ಪು ಬಟ್ಟೆ, ಅರ್ಧ ತೋಳು, ಮೊಣಕಾಲಿನವರೆಗೆ ಉದ್ದ. ಮುಂಭಾಗ ಒಂದರ ಮೇಲೊಂದು ಬರುತ್ತದೆ. ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ ಸುತ್ತಿ ಕಟ್ಟಬೇಕು. ಚೇಲೆಗೆ ಪೀಚೆಕತ್ತಿ ಅನ್ನುವ ಸಣ್ಣ ಕತ್ತಿ ಸಿಕ್ಕಿಸುತ್ತಾರೆ. ಒಳಗೆ ಬಿಳಿ ತುಂಬು ತೋಳಿನ ಶರ್ಟು. ಮದುಮಗನಿಗಾದರೆ ಬಿಳಿ ಕುಪ್ಯ. ನೋಡಿದರೆ ಬಲು ಸರಳ. ಗುಂಡಿ ಸಾಲು ಇಲ್ಲ, ಕಾಲರ್ ಇಲ್ಲ. ಇದರಲ್ಲಿ ಏನಿದೆ ಮಹಾ ಅನ್ನಿಸುತ್ತೆ, ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತ್ತು.

ಆ ಹಳೇ ಕುಪ್ಯದ ಪಕ್ಕದ ಹೊಲಿಗೆ ಬಿಚ್ಚಿದೆ. ಹಿಂಭಾಗದ ಬಟ್ಟೆಯಲ್ಲಿ ಪೂರ್ತಿ ಎರಡು ಇಂಚು ಒಳಗೆ ಮಡಚಿ ಇಟ್ಟಿದ್ದರು, ಎರಡೂ ಪಕ್ಕ. ಹೊರಗಿನ ಕಪ್ಪು ಬಿಸಿಲಿಗೆ ಕಂದು ತಿರುಗಿತ್ತು. ಒಳಗಿನದು ಮಾತ್ರ ಈಗಷ್ಟೇ ಥಾನಿನಿಂದ ಕತ್ತರಿಸಿದ ಹಾಗೆ ಕಡುಕಪ್ಪು. ಅಂಚಿಗೆ ಕೈಯಲ್ಲಿ ಹಾಕಿದ ಸಣ್ಣ ಸಣ್ಣ ಹೊಲಿಗೆ, ನೂಲು ಬಿಡದಿರಲಿ ಅಂತ. ಯಾವ ಪುಣ್ಯಾತ್ಮ ಹೊಲಿದನೋ. ಆ ಮಡಿಕೆ ನೋಡಿ ನನಗೆ ಸ್ವಲ್ಪ ಹೊತ್ತು ಕತ್ತರಿ ಹಿಡಿಯೋಕೇ ಆಗಲಿಲ್ಲ. ಕಾರಣ ಇದೆ. ಅದೇ ಎರಡು ಇಂಚನ್ನು ಉಳಿಸಲು ಹೋಗಿ ನಾನು ಒಮ್ಮೆ ಇಪ್ಪತ್ತನಾಲ್ಕು ಕುಪ್ಯ ಹಾಳು ಮಾಡಿದ್ದೆ.

ಅದನ್ನು ಹೇಳುವ ಮೊದಲು ಫ್ಯಾಕ್ಟರಿ ವಿಷಯ ಹೇಳಬೇಕು. ಅಪ್ಪನ ಹತ್ತಿರ ಕೆಲಸ ಕಲಿತ ಮೇಲೆ ನಾನು ಎರಡು ವರ್ಷ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿದ್ದೆ. ಗಂಡಸರ ಶರ್ಟು ಮಾಡುವ ಲೈನು. ಬಟ್ಟೆಯನ್ನು ಪದರ ಪದರವಾಗಿ ಉದ್ದನೆಯ ಮೇಜಿನ ಮೇಲೆ ಹಾಸಿ, ಕರೆಂಟ್ ಕತ್ತರಿಯಲ್ಲಿ ಒಂದೇ ಸಲ ಕತ್ತರಿಸುತ್ತಾರೆ. ಆಮೇಲೆ ಒಬ್ಬರಿಗೆ ಕಾಲರ್, ಒಬ್ಬರಿಗೆ ಕಫ್, ಒಬ್ಬರಿಗೆ ಜೇಬು. ನನಗೆ ಕಫ್ ಬಂತು. ಎರಡು ವರ್ಷ ಬರೀ ಕಫ್. ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್ ಇರುತ್ತಿತ್ತು, ಬೋರ್ಡಿನ ಮೇಲೆ ಬರೆದಿರುತ್ತಿದ್ದರು.

ಊರಿನಲ್ಲಿ ಹಳೇ ಟೈಲರುಗಳು ಫ್ಯಾಕ್ಟರಿ ಹೊಲಿಗೆ ಅಂದರೆ ಮೂಗು ಮುರಿಯುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ನನ್ನ ಪಕ್ಕ ಕೂರುತ್ತಿದ್ದ ಹೆಂಗಸು ಕಾಲರ್ ಮೂಲೆ ತಿರುಗಿಸುವುದನ್ನು ನೋಡಬೇಕಿತ್ತು. ಮಾರ್ಕಿಂಗ್ ಇಲ್ಲ, ಅಳತೆ ಇಲ್ಲ, ಎರಡೂ ಮೂಲೆ ಒಂದೇ ಸಮ. ಇವತ್ತಿಗೂ ನನಗೆ ಆ ಕೈ ಬಂದಿಲ್ಲ. ಫ್ಯಾಕ್ಟರಿಯಲ್ಲಿ ಕೈಚಳಕ ಧಾರಾಳ ಇದೆ. ಆದರೆ ಆ ಶರ್ಟು ಹಾಕುವವನನ್ನು ಹೊಲಿಯುವವರು ಯಾರೂ ನೋಡುವುದಿಲ್ಲ. ಅವನ ಬಲ ಭುಜ ಎಡಕ್ಕಿಂತ ಅರ್ಧ ಇಂಚು ಕೆಳಗಿದ್ದರೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಮುಂದೆ ಅವನ ಹೊಟ್ಟೆ ಬಂದರೆ ಆ ಶರ್ಟು ಫ್ಯಾಕ್ಟರಿಗೆ ವಾಪಸ್ ಬರುವುದೂ ಇಲ್ಲ. ವಾಪಸ್ ಬರದ ಬಟ್ಟೆಯ ಒಳಗೆ ಜಾಸ್ತಿ ಬಟ್ಟೆ ಯಾಕೆ ಬಿಡಬೇಕು? ಅವರ ಲೆಕ್ಕ ಅವರಿಗೆ ಸರಿ. ಅರ್ಧ ಇಂಚಿಗೂ ಕಡಿಮೆ ಅಂಚು, ಅದಕ್ಕೆ ಓವರ್‌ಲಾಕ್ (ನೂಲು ಬಿಡದ ಹಾಗೆ ಅಂಚಿಗೆ ಹಾಕುವ ಮೆಷಿನ್ ಹೊಲಿಗೆ), ಮುಗಿಯಿತು.

ನಮ್ಮಲ್ಲಿ ಮನೆಗೊಬ್ಬರು ಸೈನ್ಯದಲ್ಲಿ ಇದ್ದವರು ಸಿಗುತ್ತಾರೆ. ಅವರಿಗೆ ನಾನು ಹೇಳುವುದುಂಟು, ಈ ರೆಡಿಮೇಡ್ ಸೈಜು ಬೆಳೆದದ್ದೇ ಸೈನಿಕರ ಬಟ್ಟೆಯಿಂದ ಅಂತ. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆಯಿತು. ಲಕ್ಷಗಟ್ಟಲೆ ಸಮವಸ್ತ್ರ ಬೇಕಾಯಿತು. ಒಬ್ಬೊಬ್ಬರ ಅಳತೆ ತೆಗೆದು ಹೊಲಿಯಲು ಸಮಯ ಎಲ್ಲಿ? ಸೈನಿಕರ ಅಳತೆಗಳನ್ನು ಒಟ್ಟು ಹಾಕಿ ನೋಡಿದಾಗ ಕೆಲವು ಅಳತೆಗಳು ಮತ್ತೆ ಮತ್ತೆ ಬರುವುದು ಕಂಡಿತು. ಯುದ್ಧ ಮುಗಿದ ಮೇಲೆ ಅದೇ ಅಳತೆಗಳು ಅಂಗಡಿ ಬಟ್ಟೆಗೂ ಬಂದವು. ಸಿಂಗರ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ, ಅಂದರೆ ಯಂತ್ರವೂ ಹೊತ್ತಿಗೆ ಸರಿಯಾಗಿ ತಯಾರಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಊರಿಗೆ ಬಂದು ಅಂಗಡಿ ನೋಡಿಕೊಳ್ಳಲು ಶುರು ಮಾಡಿದ ಮೂರನೇ ವರ್ಷ. ಪೇಟೆಯಲ್ಲಿ ರೆಡಿಮೇಡ್ ಕುಪ್ಯ ನೇತುಹಾಕಿದ್ದರು. ನನ್ನದಕ್ಕಿಂತ ಎಷ್ಟೋ ಅಗ್ಗ. ಫ್ಯಾಕ್ಟರಿ ಕೆಲಸ ನನಗೂ ಗೊತ್ತಲ್ಲ ಎಂದುಕೊಂಡೆ. ಮಳೆಗಾಲದಲ್ಲಿ ಹೇಗೂ ಗಿರಾಕಿ ಕಡಿಮೆ. ಕಕ್ಕಡ ತಿಂಗಳಿನಲ್ಲಿ ಕೂತು ಮೂರು ಸೈಜಿನಲ್ಲಿ ಇಪ್ಪತ್ತನಾಲ್ಕು ಕುಪ್ಯ ಹೊಲಿದೆ. ಒಂದೊಂದರಲ್ಲೂ ಅಂಚು ಕತ್ತರಿಸಿ ಬಟ್ಟೆ ಉಳಿಸಿದೆ. ಕೈಲ್‌ಪೊಳ್ದ್‌ಗೆ, ಅಂದರೆ ನಮ್ಮ ಆಯುಧಪೂಜೆ ಹಬ್ಬಕ್ಕೆ, ಮೊದಲೇ ಹೆಚ್ಚಿನವು ಮಾರಿಹೋದವು. ಖುಷಿಯಾಗಿತ್ತು.

ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಮಾರನೇ ದಿನ ಒಬ್ಬ ಹಿರಿಯರು ಬಂದರು. ಬೈಯಲಿಲ್ಲ. ಕುಪ್ಯವನ್ನು ಮೇಜಿನ ಮೇಲೆ ಇಟ್ಟು ಬಲ ಕಂಕುಳು ತೋರಿಸಿದರು. ಕೋವಿ ಎತ್ತಿ ಭುಜಕ್ಕೆ ಇಟ್ಟಿದ್ದೇ ತಡ, ಹೊಲಿಗೆ ಬಾಯಿ ಬಿಟ್ಟಿತ್ತು. ಬರೀ ಹೊಲಿಗೆ ಬಿಟ್ಟಿದ್ದರೆ ಪರವಾಗಿರಲಿಲ್ಲ. ಅಂಚೇ ಸಣ್ಣದಿದ್ದ ಕಾರಣ ನೂಲು ಜಾರಿ ಬಟ್ಟೆಯೇ ಕಿತ್ತಿತ್ತು. ಮತ್ತೆ ಹೊಲಿಯೋಣ ಅಂದರೆ ಒಳಗೆ ಏನಿದೆ? ಏನೂ ಇಲ್ಲ. ಪುತ್ತರಿ ಕಳೆಯುವುದರೊಳಗೆ ಹನ್ನೊಂದು ಕುಪ್ಯ ವಾಪಸ್ ಬಂದವು. ಒಬ್ಬರಿಗೆ ಬೆನ್ನು ಸ್ವಲ್ಪ ಬಾಗಿದೆ, ಹಿಂದಿನ ಅಂಚು ಮೇಲೆ ಹೋಗುತ್ತೆ. ಒಬ್ಬರಿಗೆ ಭುಜ ಇಳಿಜಾರು. ಒಂದನ್ನೂ ಸರಿಮಾಡಲು ನನ್ನಿಂದ ಆಗಲಿಲ್ಲ. ದುಡ್ಡು ವಾಪಸ್ ಕೊಟ್ಟೆ. ಅಪ್ಪ ಆಗ ಇದ್ದರು. ಅವರು ಏನೂ ಹೇಳಲಿಲ್ಲ, ಅದೇ ನನಗೆ ಹೆಚ್ಚು ನೋವು ಕೊಟ್ಟಿತು.

ಆಮೇಲೆ ನಾನು ಕೆಲಸ ಮಾಡುವ ಕ್ರಮ ಬದಲಾಯಿತು. ಫ್ಯಾಕ್ಟರಿಯಲ್ಲಿ ಕಲಿತದ್ದನ್ನು ಪೂರ್ತಿ ಬಿಡಲಿಲ್ಲ. ರಟ್ಟಿನ ಪ್ಯಾಟರ್ನ್ ಇಟ್ಟುಕೊಂಡಿದ್ದೇನೆ, ಅದರಿಂದ ಕಟಿಂಗ್ ಬೇಗ ಆಗುತ್ತದೆ. ಉದ್ದನೆಯ ಹೊಲಿಗೆ ಎಲ್ಲ ಮೆಷಿನ್ನಿನಲ್ಲೇ. ಅದನ್ನು ಕೈಯಲ್ಲಿ ಹೊಲಿದರೆ ಸುಮ್ನೆ ಟೈಮ್ ಹಾಳು, ಗಟ್ಟಿಯೂ ಇರುವುದಿಲ್ಲ. ಐವತ್ತೆಂಟು ಇಂಚು ಪನ್ನದ (ಅಗಲದ) ಬಟ್ಟೆ ಎರಡೂವರೆ ಮೀಟರ್ ತೆಗೆದುಕೊಳ್ಳುತ್ತೇನೆ. ಉಣ್ಣೆ ಸೇರಿದ ಬಟ್ಟೆಯಾದರೆ ಮೊದಲು ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಹಾಕಿ, ಒಂದು ರಾತ್ರಿ ಹಾಗೇ ಬಿಡುತ್ತೇನೆ. ಕುಗ್ಗುವುದಿದ್ದರೆ ಕತ್ತರಿಸುವ ಮೊದಲೇ ಕುಗ್ಗಲಿ. ಕೊಡಗಿನ ಮಳೆಯಲ್ಲಿ ಬೀರು ಒಳಗಿಟ್ಟ ಬಟ್ಟೆಯೂ ತೇವ ಕುಡಿಯುತ್ತದೆ, ಬೂಸ್ಟು ಹಿಡಿಯುತ್ತದೆ. ಅದಕ್ಕೇ ಕುತ್ತಿಗೆ ಪಟ್ಟಿಗೆ ಗಟ್ಟಿ ನಿಲ್ಲಲಿ ಅಂತ ಒಳಗೆ ಕೊಡುವ ಅಂಟಿನ ಕ್ಯಾನ್ವಾಸ್ ನಾನು ಹಾಕುವುದಿಲ್ಲ. ಇಸ್ತ್ರಿ ಬಿಸಿಗೆ ಅಂಟಿಕೊಳ್ಳುವ ಆ ಕ್ಯಾನ್ವಾಸ್ ಕೆಲವು ಸಲ ಒಗೆದ ಮೇಲೆ ಬಿಟ್ಟುಕೊಂಡು ಗುಳ್ಳೆ ಏಳುತ್ತದೆ. ಹತ್ತಿ ಕ್ಯಾನ್ವಾಸ್ ನೆನೆಸಿ, ಒಣಗಿಸಿ, ಕೈ ಹೊಲಿಗೆಯಲ್ಲಿ ಕೂರಿಸುತ್ತೇನೆ.

ಕಂಕುಳಿನ ಕಟಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ರೆಡಿಮೇಡ್‌ನಲ್ಲಿ ತೋಳಿನ ಸುತ್ತನ್ನು ಕೆಳಗೆ ಇಳಿಸಿ ದೊಡ್ಡದಾಗಿ ಕತ್ತರಿಸುತ್ತಾರೆ, ಎಲ್ಲರಿಗೂ ಹಿಡಿಸಲಿ ಅಂತ. ದೊಡ್ಡದಿದ್ದರೆ ಆರಾಮ ಅಂತ ನಮಗೂ ಅನ್ನಿಸುತ್ತೆ. ಆಗುವುದು ಉಲ್ಟಾ. ಕಂಕುಳು ಕೆಳಗಿದ್ದರೆ ಕೈ ಎತ್ತಿದಾಗ ಇಡೀ ಅಂಗಿ ಕೈ ಜೊತೆ ಮೇಲೆ ಬರುತ್ತದೆ. ಕಂಕುಳು ಮೈಗೆ ಹತ್ತಿರ, ಮೇಲಕ್ಕೆ ಇದ್ದರೆ ಕೈ ಮಾತ್ರ ಏಳುತ್ತದೆ, ಅಂಗಿ ಇದ್ದಲ್ಲೇ ಇರುತ್ತದೆ. ಪುತ್ತರಿ ಕೋಲಾಟ್‌ಗೆ ಮಂದ್‌ನಲ್ಲಿ, ಅಂದರೆ ಊರಿನ ಕುಣಿತದ ಮೈದಾನದಲ್ಲಿ, ಇಳಿದವನು ಎಷ್ಟು ಸಲ ಕೈ ಎತ್ತುತ್ತಾನೆ ಲೆಕ್ಕ ಹಾಕಿ. ಬೊಳಕಾಟ್‌ನಲ್ಲಿ ದೀಪದ ಸುತ್ತ ಕುಣಿಯುತ್ತಾ ಚವರಿ (ಚಾಮರ) ಬೀಸುವಾಗಲೂ ಅಷ್ಟೇ. ಚೇಲೆ ಬಿಗಿಯಾಗಿ ಕಟ್ಟಿರುತ್ತಾನೆ, ಅಂಗಿ ಮೇಲೆ ಹೋದರೆ ವಾಪಸ್ ಇಳಿಯುವುದಿಲ್ಲ. ಸೊಂಟದ ಮೇಲೆ ಬಟ್ಟೆ ಗುಡ್ಡೆ ಬೀಳುತ್ತದೆ.

ಟ್ರಯಲ್‌ಗೆ ಬರುವವರಿಗೆ ನಾನು ಹೇಳುವುದು ಇಷ್ಟೇ. ಒಳಗೆ ಹಾಕುವ ಬಿಳಿ ಶರ್ಟು ಹಾಕಿಕೊಂಡು ಬನ್ನಿ, ಮನೆಯ ಚೇಲೆ ತನ್ನಿ. ಚೇಲೆ ಕಟ್ಟದೆ ಉದ್ದ ಗುರುತು ಹಾಕುವುದು ತಪ್ಪು. ಸುತ್ತಿ ಬಿಗಿದಾಗ ಬಟ್ಟೆ ಮೇಲೆ ಸರಿಯುತ್ತದೆ. ಹೊಟ್ಟೆ ಇದ್ದವರಿಗೆ ಮುಂದೆ ಒಂದು ಇಂಚು ಮೇಲೆ ಹೋಗುತ್ತದೆ, ಹಿಂದೆ ಹಾಗೇ ಇರುತ್ತದೆ. ಹಾಗಾಗಿ ಚೇಲೆ ಕಟ್ಟಿಸಿ, ಎರಡು ಸಲ ಕೈ ಎತ್ತಿಸಿ, ಕೂರಿಸಿ ಏಳಿಸಿ, ಆಮೇಲೆ ನೆಲದಿಂದ ಸ್ಕೇಲ್ ಹಿಡಿದು ಸುತ್ತಲೂ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇನೆ. ಮೇಜಿನ ಮೇಲೆ ಹಾಸಿದರೆ ಆ ಅಂಚು ಸೊಟ್ಟ ಕಾಣುತ್ತದೆ. ಮೈಮೇಲೆ ನೇರ ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿದರೆ ಒಂದು ಕುಪ್ಯಕ್ಕೆ ಎರಡು ದಿನ ಹಿಡಿಯುತ್ತದೆ. ಎಲ್ಲರಿಗೂ ಅದಕ್ಕೆ ತಕ್ಕ ದುಡ್ಡು ಕೊಡಲು ಆಗುವುದಿಲ್ಲ, ಅದು ನನಗೆ ಗೊತ್ತು. ಬೆಳೆಯುವ ಮಕ್ಕಳಿಗೆ ಕೇಳಿದರೆ ರೆಡಿಮೇಡ್ ತೆಗೆದುಕೊಳ್ಳಿ ಅಂತ ನಾನೇ ಹೇಳುತ್ತೇನೆ. ದೊಡ್ಡವರಿಗೆ ಮಾತ್ರ ಒಂದು ಮಾತು: ಕೊಳ್ಳುವ ಮೊದಲು ಪಕ್ಕದ ಹೊಲಿಗೆಯನ್ನು ಒಳಗಿನಿಂದ ತಿರುಗಿಸಿ ನೋಡಿ. ಬೆರಳು ಹಿಡಿಯುವಷ್ಟು ಬಟ್ಟೆ ಇದ್ದರೆ ಆ ಕುಪ್ಯ ಮುಂದೆಯೂ ನಿಮ್ಮ ಮೈಗೆ ಆಗುತ್ತದೆ.

ಆ ಹುಡುಗನ ಅಜ್ಜನ ಕುಪ್ಯದಲ್ಲಿ ಎರಡು ಇಂಚಿನಲ್ಲಿ ಒಂದೂವರೆ ಹೊರಗೆ ಬಿಟ್ಟೆ, ಅರ್ಧ ಒಳಗೆ ಉಳಿಸಿದೆ. ಎರಡೂ ಪಕ್ಕ ಸೇರಿ ಮೂರು ಇಂಚು ಸಿಕ್ಕಿತು. ಹಳೇ ಹೊಲಿಗೆ ಇದ್ದ ಜಾಗದಿಂದ ಆಚೆಗೆ ಕಡುಕಪ್ಪು ಪಟ್ಟಿ ಎದ್ದು ಕಾಣುತ್ತಿತ್ತು. ಕೈ ಇಳಿಬಿಟ್ಟರೆ ಮುಚ್ಚುತ್ತದೆ, ಎತ್ತಿದರೆ ಕಾಣುತ್ತದೆ. ಬಣ್ಣ ಹಾಕಿಸೋಣವಾ ಎಂದು ಕೇಳಿದೆ. ಅವನು ಕನ್ನಡಿಯಲ್ಲಿ ಕೈ ಎತ್ತಿ ಎತ್ತಿ ನೋಡಿದ. 'ಬೇಡ, ಅಜ್ಜ ತಂದಾಗ ಇದೇ ಬಣ್ಣ ಇತ್ತಲ್ವಾ' ಎಂದ.

ಪುತ್ತರಿ ಆದ ನಾಲ್ಕನೇ ದಿನ ಮತ್ತೆ ಬಂದ. ಕೋಲಾಟ್‌ನಲ್ಲಿ ಚೆನ್ನಾಗೇ ಇತ್ತಂತೆ, ಬಲಗಡೆ ಮಾತ್ರ ಎದೆ ಹತ್ತಿರ ಸ್ವಲ್ಪ ಎಳೆಯಿತಂತೆ. ಒಳಗೆ ಇನ್ನೂ ಅರ್ಧ ಇಂಚು ಇತ್ತು. ಕಾಲಿಂಚು ಹೊರಗೆ ಬಿಟ್ಟು, ಅವನು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹೊಲಿದು ಕೊಟ್ಟೆ.