ಹುಳ ಸಿಕ್ಕ ಮನೆಯವರಿಗೇ ಮುಂದಿನ ಶುಕ್ರವಾರದ ಟಾರ್ಚು

ಯಾರ ಮನೆಯ ನೀರಲ್ಲಿ ಡೆಂಗಿ ಸೊಳ್ಳೆಯ ಹುಳ, ಅಂದರೆ ಸೊಳ್ಳೆ ಮರಿ ಸಿಕ್ಕಿತೋ, ಮುಂದಿನ ವಾರ ಬೀದಿಯ ತೊಟ್ಟಿಗಳನ್ನು ನೋಡುವ ಟಾರ್ಚು ಅವರಿಗೇ ಕೊಡೋಣ. ತಾಲ್ಲೂಕು ಸಭೆಯಲ್ಲಿ ನಾನು ಈ ಮಾತು ಮೊದಲು ಎತ್ತಿದಾಗ ಪಕ್ಕದಲ್ಲಿ ಕೂತಿದ್ದವರೇ "ಕಳ್ಳನ ಕೈಗೆ ಬೀಗದ ಕೈ ಕೊಟ್ಟಂಗಾಯ್ತು" ಅಂದರು. ಈಗ ಅಕ್ಕಪಕ್ಕದ ಎರಡು ಊರಿನ ಆಶಾ ಕಾರ್ಯಕರ್ತೆಯರು ಬಂದು ನೋಡಿಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಅರಸೀಕೆರೆ ತಾಲ್ಲೂಕಿನ ಹಳ್ಳಿ, ಹತ್ತಿರ ಹತ್ತಿರ 190 ಮನೆ. ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ. ಡ್ರಮ್ಮಿಲ್ಲದ ಮನೆಯಿಲ್ಲ. ಅದರ ಜೊತೆಗೆ ಬಚ್ಚಲ ತೊಟ್ಟಿ, ಹಿತ್ತಲಲ್ಲಿ ದನದ ಬಾನಿ, ಬೇಲಿ ಪಕ್ಕ ಕರಟ, ಎಳನೀರು ಬುರುಡೆ. ಡೆಂಗಿ ಸೊಳ್ಳೆಗೆ ಇನ್ನೇನು ಬೇಕು?

ಮೊದಲ ವರ್ಷ ಪೂರ್ತಿ ಸೋತೆ. ಆಟೋಗೆ ಮೈಕು ಕಟ್ಟಿಸಿದ್ದಕ್ಕೆ ಎರಡು ದಿನಕ್ಕೆ ಮೂರು ಸಾವಿರ ಹೋಯ್ತು, ಒಂದು ಡ್ರಮ್ಮೂ ಖಾಲಿಯಾಗಲಿಲ್ಲ. ಹುಳ ಸಾಯಿಸುವ ಟೆಮಿಫಾಸ್ ಔಷಧಿ ಹಾಕಲು ಹೋದರೆ ಒಬ್ಬ ಅಜ್ಜಿ ತೊಟ್ಟಿಗೆ ಅಡ್ಡ ನಿಂತು "ಕುಡಿಯೋ ನೀರಿಗೆ ವಿಷ ಬಿಡ್ತೀಯೇನಮ್ಮ" ಅಂದರು. ಹುಳ ತಿನ್ನುವ ಗಪ್ಪಿ ಮೀನು ತಂದು ಡ್ರಮ್ಮಿಗೆ ಬಿಟ್ಟೆ. ಬಿಂದಿಗೆಯಲ್ಲಿ ಮೊಗೆದಾಗ ಮೀನೂ ಒಲೆ ಮೇಲಿನ ಹಂಡೆಗೆ ಹೋಯ್ತು. ದನದ ಬಾನಿಗಾದರೆ ಈಗಲೂ ಗಪ್ಪಿಯೇ ಸರಿ. ಊರಿನ ಆರೋಗ್ಯ ಸಮಿತಿಗೆ ವರ್ಷಕ್ಕೆ ಬರುವ ಅನ್‌ಟೈಡ್ ಹಣ, ಅಂದರೆ ಊರಿನ ಅಗತ್ಯ ನೋಡಿ ಖರ್ಚು ಮಾಡುವ ಹಣ, 10,000. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೇ ಕರಗಿತು. ಆ ಮಳೆಗಾಲ ನಮ್ಮೂರಲ್ಲಿ ಹನ್ನೊಂದೋ ಹನ್ನೆರಡೋ ಜನಕ್ಕೆ ಡೆಂಗಿ. ಪ್ಲೇಟ್‌ಲೆಟ್ ಇಳಿದ ಒಬ್ಬ ಹುಡುಗನನ್ನು ಹಾಸನಕ್ಕೆ ಸಾಗಿಸಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ದಾರಿ ತೋರಿಸಿದ್ದು ಒಂದು ಹಾರ್ಲಿಕ್ಸ್ ಬಾಟಲಿ. ಅಡ್ಡ ನಿಂತಿದ್ದ ಅಜ್ಜಿಯ ತೊಟ್ಟಿಯಿಂದಲೇ ಎಂಟು ಹತ್ತು ಹುಳ ಎತ್ತಿ, ಬಾಯಿಗೆ ಸೊಳ್ಳೆಪರದೆ ತುಂಡು ಕಟ್ಟಿ, ಅವರ ಕಿಟಕಿಯಲ್ಲೇ ಇಟ್ಟು ಬಂದೆ. ಐದನೇ ದಿನ ಅಜ್ಜಿಯೇ ಮೊಮ್ಮಗಳನ್ನು ಕಳಿಸಿದರು. ಬಾಟಲಿ ಗೋಡೆಗೆ ನಾಲ್ಕು ಸೊಳ್ಳೆ ಕೂತಿದ್ದವು, ಕಾಲಿಗೆಲ್ಲ ಬಿಳಿ ಪಟ್ಟೆ. ಅಜ್ಜಿ ಬಹಳ ಹೊತ್ತು ನೋಡಿದರು. "ನಮ್ಮ ಮನೇಲೇ ಸಾಕ್ಕೊಂಡಿದ್ವಲ್ಲಮ್ಮ" ಅಂದರು. ಅವತ್ತೇ ತೊಟ್ಟಿ ಖಾಲಿಯಾಯ್ತು.

ಆಮೇಲೆ ಊರನ್ನು ಹನ್ನೆರಡು ಬೀದಿಗುಂಪು ಮಾಡಿ, ಒಂದೊಂದಕ್ಕೆ ಒಂದು ಟಾರ್ಚು, ಒಂದು ನೋಟ್‌ಬುಕ್ ಕೊಟ್ಟೆ. ಶುಕ್ರವಾರ ಬೆಳಿಗ್ಗೆ ಸ್ತ್ರೀಶಕ್ತಿ ಸಂಘದ ಒಬ್ಬರು ತಮ್ಮ ಬೀದಿ ನೋಡಬೇಕು. ಯಾರ ಮನೆಯಲ್ಲಿ ಹುಳ ಸಿಕ್ಕಿತೋ ಮುಂದಿನ ವಾರದ ಟಾರ್ಚು ಅವರಿಗೇ. ಇನ್ನೊಬ್ಬರ ತೊಟ್ಟಿಗೆ ಬೆಳಕು ಬಿಡುವವರು ತಮ್ಮ ತೊಟ್ಟಿ ಉಜ್ಜದೆ ಹೊರಡುವುದಿಲ್ಲ. ಉಜ್ಜುವುದೆಂದರೆ ತೆಂಗಿನ ನಾರಿನಲ್ಲಿ ಗೋಡೆ ತಿಕ್ಕಲೇಬೇಕು. ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಉಳಿದಿರುತ್ತೆ. ಡ್ರಮ್ಮಿನ ಬಾಯಿಗೆ ಹಳೇ ಸೀರೆ, ಪಂಕ್ಚರ್ ಅಂಗಡಿಯ ಸೈಕಲ್ ಟ್ಯೂಬ್. ಟ್ಯೂಬು ಪುಕ್ಕಟೆ. ಎಲ್ಲ ಸೇರಿ ಎರಡೂವರೆ ಸಾವಿರ ದಾಟಲಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡದ ನಿಯಮ ಬಂತು, ಹಳ್ಳಿ ಮನೆಗೆ 200 ರೂಪಾಯಿ. ನಮ್ಮೂರಲ್ಲಿ ಒಬ್ಬರಿಗೂ ಹಾಕಿಸಲಿಲ್ಲ. ದಂಡ ಕಟ್ಟಿದವರು ಮತ್ತೆ ಬಾಗಿಲು ತೆಗೆಯಲ್ಲ. ಎರಡು ದೊಡ್ಡ ಮನೆಯವರು ಮೊದಲಿಗೆ ಬಚ್ಚಲ ತನಕ ಬಿಡುತ್ತಿರಲಿಲ್ಲ, ಈಗ ಅವರೇ ಕರೆಯುತ್ತಾರೆ. ಅದು ಹೇಗಾಯ್ತು ಅನ್ನುವುದನ್ನು ಇಲ್ಲಿ ಬರೆಯಲ್ಲ, ಬರೆದರೆ ಇನ್ನು ನಡೆಯಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಕರಟದ ಒಳಗೆ ಕಪ್ಪು ಬಣ್ಣ ಬಳಿದು, ಬಿಳಿ ಬಟ್ಟೆ ಪಟ್ಟಿ ಇಳಿಬಿಟ್ಟು, ಅರ್ಧ ನೀರು ತುಂಬಿಸಿ ಇಪ್ಪತ್ತು ಕಡೆ ಇಟ್ಟೆ. ಮೂರೇ ದಿನಕ್ಕೆ ಪಟ್ಟಿಯ ಮೇಲೆ ಕಾಡಿಗೆ ಪುಡಿ ಉದುರಿದ ಹಾಗೆ ಮೊಟ್ಟೆ. ಯಾವ ಬೀದಿಯಲ್ಲಿ ಹೆಚ್ಚು ಅಂತ ಚೆನ್ನಾಗಿ ಗೊತ್ತಾಯ್ತು. ಆದರೆ ಮಾವಿನ ಮರದ ಹಿಂದಿನದೊಂದು ಮರೆತುಹೋಗಿ, ಅದರಲ್ಲೇ ಹುಳ ಆಗಿತ್ತು. ವಾರಕ್ಕೊಮ್ಮೆ ಚೆಲ್ಲುವ ಆಳಿಲ್ಲದಿದ್ದರೆ ಇದಕ್ಕೆ ಕೈ ಹಾಕಬೇಡಿ.

ಶುರುವಿನಲ್ಲಿ ನೂರು ಮನೆ ನೋಡಿದರೆ ಮೂವತ್ತರ ಮೇಲೆ ಹುಳ ಸಿಗುತ್ತಿತ್ತು. ಈಗ ಮೂರೋ ನಾಲ್ಕೋ. ಹೋದ ಮಳೆಗಾಲ ಡೆಂಗಿ ಬಂದದ್ದು ಒಬ್ಬರಿಗೆ, ಅವರೂ ಬೆಂಗಳೂರಿಂದ ಜ್ವರದಲ್ಲೇ ಬಂದಿಳಿದವರು.

ಈಗ ಕೈಗೆ ಸಿಗದಿರುವುದು ಊರಾಚೆ ಕಟ್ಟುತ್ತಿರುವ ಮೂರು ಮನೆ. ಕ್ಯೂರಿಂಗ್‌ಗೆ, ಅಂದರೆ ಹೊಸ ಸಿಮೆಂಟು ಗೋಡೆಗೆ ಹಾಕುವ ನೀರಿನ ತೊಟ್ಟಿ ಸದಾ ತುಂಬಿರುತ್ತೆ, ಮೇಸ್ತ್ರಿಗಳು ಹೊರಗಿನವರು, ಸರದಿಗೆ ಸೇರಲ್ಲ. ಹೋದ ವಾರ ಅಲ್ಲಿಯ ಕಾವಲುಗಾರನ ಹೆಂಡತಿಯ ಕೈಗೆ ಟಾರ್ಚು ಕೊಟ್ಟು ಬಂದಿದ್ದೇನೆ.