ಪುಣೆಗೆ ಬಂದ ಗಾಳದ ಗೆಳೆಯರಿಗೆ

ಪುಣೆಗೆ ಹೊಸದಾಗಿ ಬಂದವರು ಮೊದಲು ಬಾಡಿಗೆ ಮನೆ, ಸ್ಕೂಲು, ಗ್ಯಾಸ್ ಬಗ್ಗೆ ಕೇಳುತ್ತಾರೆ. ತುಂಗೆ, ನೇತ್ರಾವತಿ ದಡದಲ್ಲಿ ಬೆಳೆದವರು ಇನ್ನೂ ಒಂದು ಕೇಳುತ್ತಾರೆ: ಇಲ್ಲಿ ಗಾಳ ಹಾಕೋಕೆ ಜಾಗ ಇದೆಯಾ? ಈಚೆಗೆ ಫ್ಲೈ ಫಿಶಿಂಗ್ ರಾಡ್ ತಂದವರೂ ಇದ್ದಾರೆ. ಅವರಿಗೆ ಟ್ರೌಟ್ ಮೀನು ಬೇಕು.

ಟ್ರೌಟ್ ಇಲ್ಲಿಲ್ಲ. ಅದಕ್ಕೆ ವರ್ಷವಿಡೀ ತಣ್ಣಗಿರುವ, ರಭಸದ ನೀರು ಬೇಕು. 20 ಡಿಗ್ರಿ ದಾಟಿದರೆ ಸುಸ್ತಾಗುತ್ತದೆ. ಅದೇ ಬೇಕು ಅಂದರೆ ರಜೆ ಹಾಕಿ ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಿ, ಲೈಸೆನ್ಸ್ ಮಾಡಿಸಿ. ಚಳಿಗಾಲ ಅದು ಮೊಟ್ಟೆ ಇಡುವ ಕಾಲ, ಆಗ ಹಿಡಿಯಲು ಬಿಡುವುದಿಲ್ಲ.

ಪುಣೆಗೆ ತನ್ನದೇ ಮೀನಿದೆ, ನೀಲಿ ರೆಕ್ಕೆಯ ಮಹಸೀರ್. ದಪ್ಪ ತುಟಿ, ಎರಡು ಜೊತೆ ಮೀಸೆ, ಅಗಲ ಹುರುಪೆ. ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ 1839ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟದ್ದು ಇಲ್ಲಿನ ಮುಳಾ-ಮುಠಾ ಹೊಳೆಯ ಮೀನನ್ನು ನೋಡಿಯೇ. ಮುಂದೆ ಲೋನಾವಳದಲ್ಲಿ ಟಾಟಾ ಕಂಪನಿಯವರು ಇದರ ಮರಿ ಮಾಡಿಸಿದರು. ಆ ಮರಿಗಳು ನಮ್ಮ ಕಾವೇರಿಗೂ ಹೋದವು. ಅಲ್ಲಿ ಇವು ಹೆಚ್ಚಿದವು. ಕಾವೇರಿಯದೇ ಆದ ಗೂನುಬೆನ್ನಿನ ಮಹಸೀರ್ ಅಳಿವಿನಂಚಿಗೆ ಬಂತು. ಮೀನು ಉಳಿಸುವ ಆಸೆಯಿಂದಲೇ ಮಾಡಿದ ಕೆಲಸ ಅದು. ನೆನೆದರೆ ಹೊಟ್ಟೆ ಉರಿಯುತ್ತದೆ. ಆದ್ದರಿಂದ ಈ ಮೀನನ್ನು ಅದರ ತವರಿನಲ್ಲೇ ನೋಡಿ. ನೋಡಿ ಬಿಟ್ಟುಬಿಡಿ.

ಊರೊಳಗಿನ ನದಿ ಬೇಡ, ಕೊಳಚೆ ಜಾಸ್ತಿ. ಮುಳಶಿ, ಪಾನಶೆತ್, ಪವನಾ ಡ್ಯಾಮುಗಳ ಕಡೆ ಮೇಲಕ್ಕೆ ಹೋಗಿ. ಡ್ಯಾಮಿನ ನೀರಲ್ಲಿ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಸ್ಥಳೀಯ ಮೀನುಗಾರರ ಸೊಸೈಟಿಗಳ ಕೈಯಲ್ಲಿರುತ್ತದೆ. ಹಿಂದಿನ ದಿನವೇ ಹಳ್ಳಿಯ ಟಪರಿಯಲ್ಲಿ ಚಹಾ ಕುಡಿಯುತ್ತಾ ಕೇಳಿ: "ಕಾಕಾ, ಇಥೆ ಗಳ ಟಾಕಲಾ ತರ ಚಾಲೇಲ್ ಕಾ?" (ಕಾಕಾ, ಇಲ್ಲಿ ಗಾಳ ಹಾಕಿದರೆ ನಡೆಯುತ್ತಾ?) ಅನುಮತಿ ಯಾರಿಂದ ಪಡೆಯಬೇಕು ಅಂತ ಅವರೇ ಹೇಳುತ್ತಾರೆ. ಸಂತ ತುಕಾರಾಮರ ಊರಾದ ದೇಹೂವಿನ ಇಂದ್ರಾಯಣಿ ಘಾಟಿನಲ್ಲಿ ಮಾತ್ರ ಗಾಳ ತೆಗೆಯಲೇ ಬೇಡಿ. ಶೃಂಗೇರಿಯ ಮೀನಿಗೆ ಗಾಳ ಹಾಕುತ್ತೇವಾ? ಇದೂ ಹಾಗೇ.

ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಮಹಸೀರ್ ಮೊಟ್ಟೆ ಇಡುತ್ತದೆ, ಅದನ್ನು ಅದರ ಪಾಡಿಗೆ ಬಿಡಿ. ಬೆಳಕು ಹರಿಯುವ ಮೊದಲೇ ದಡದಲ್ಲಿರಿ. ಮೊದಲು ಸುಮ್ನೆ ಕೂತು ನೀರು ನೋಡಿ. ಹರಿವು ಬಂಡೆಗೆ ಬಡಿದು ಎರಡಾಗುವ ಕಡೆ, ರಭಸದ ನೀರೂ ನಿಂತ ನೀರೂ ಸೇರುವ ಗೆರೆಯಲ್ಲಿ ಮೀನು ಹರಿವಿಗೆ ಮುಖ ಮಾಡಿ ಕಾಯುತ್ತಿರುತ್ತದೆ. ನೀವು ಅದರ ಬೆನ್ನ ಕಡೆಯಿಂದ ಬನ್ನಿ.

ಹುಳದಂತೆ ಕಾಣಲಿ ಅಂತ ಗರಿ, ನೂಲು ಕಟ್ಟಿದ ಗಾಳವೇ ಫ್ಲೈ, ಅದಕ್ಕೆ ತೂಕವೇ ಇಲ್ಲ. ರಾಡಿನ ದಾರದ ತೂಕವೇ ಅದನ್ನು ಒಯ್ಯಬೇಕು. ರಾಡನ್ನು ಹಿಂದಕ್ಕೆ ಎತ್ತಿ ನಿಲ್ಲಿಸಿ. ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಂಡ ಮೇಲೆ ಮುಂದಕ್ಕೆ ಬಿಡಿ. ಎಲ್ಲರೂ ಅವಸರ ಮಾಡುವುದು ಇಲ್ಲೇ. ಒಬ್ಬರೇ ಇದ್ದರೆ ಈ ತಾಳ ಬೇಗ ಕೈಗೆ ಕೂರುತ್ತದೆ, ಪಕ್ಕದಲ್ಲಿ ಮಾತಾಡುವವರು ಇರುವುದಿಲ್ಲ ಅಲ್ವಾ.

ಹೆಚ್ಚಾಗಿ ಸಿಗುವುದು ತಿಲಾಪಿಯಾ, ಸಣ್ಣ ಪುಟ್ಟ ಮೀನು. ಮಹಸೀರ್ ಅಪರೂಪ. ಸಿಕ್ಕಿದರೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಒಣ ಕೈಗೆ ಅದರ ಮೈಯ ಲೋಳೆ ಕಿತ್ತು ಬರುತ್ತದೆ. ಗಾಳದ ತುದಿಯ ಹಿಮ್ಮುಖ ಮುಳ್ಳನ್ನು ನೀರಿಗೆ ಹಾಕುವ ಮೊದಲೇ ಇಕ್ಕಳದಿಂದ ಒತ್ತಿ ಮಟ್ಟ ಮಾಡಿರಿ. ನೀರಿನಿಂದ ಮೇಲೆತ್ತದೆ, ಹರಿವಿಗೆ ಎದುರಾಗಿ ಹಿಡಿದುಕೊಳ್ಳಿ. ಬಾಲ ಬೀಸಿ ಅದಾಗಿಯೇ ಹೋಗುವವರೆಗೆ ಕಾಯಿರಿ.

ಡ್ಯಾಮಿನ ಕೆಳಗೆ ನದಿಗೆ ಇಳಿಯಬೇಡಿ. ಮಳೆ ಇಲ್ಲದ ದಿನವೂ ನೀರು ಬಿಡಬಹುದು, ಸೈರನ್ ಕೇಳುವಷ್ಟರಲ್ಲಿ ಮೊಣಕಾಲು ದಾಟಿರುತ್ತದೆ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ. ಯಾವ ಹಳ್ಳಿ, ಯಾವ ದಡ, ಎಷ್ಟು ಹೊತ್ತಿಗೆ ವಾಪಸ್ಸು ಅಂತ ಮನೆಯಲ್ಲಿ ಬರೆದಿಟ್ಟು ಹೊರಡಿ.