ಉಡುಪಿಯ ಅಂಗಳದಲ್ಲಿ ಸ್ಟ್ರಾಬೆರಿ, ಐದಡಿ ಆಚೆ ರಾಸ್ಪ್‌ಬೆರಿ

ಇವೆರಡನ್ನೂ ಒಂದೇ ಪಾತಿಯಲ್ಲಿ ನೆಡಬೇಡಿ. ಹಾಗೆಂದು ಒಂದನ್ನು ಅಂಗಳದ ಈ ಮೂಲೆ, ಇನ್ನೊಂದನ್ನು ಆ ಮೂಲೆ ಎಂದು ದೂರ ಮಾಡುವುದೂ ಬೇಡ. ನಾನು ರಾಸ್ಪ್‌ಬೆರಿಯನ್ನು ನೈರುತ್ಯಕ್ಕೆ ಬೇಲಿಯಂತೆ ಹಬ್ಬಿಸಿ, ಅದರಿಂದ 5 ಅಡಿ ಈಚೆ, ಈಶಾನ್ಯದ ಬದಿಗೆ ಸ್ಟ್ರಾಬೆರಿ ಚಟ್ಟಿಗಳನ್ನು ಇಟ್ಟಿದ್ದೇನೆ. ಡಿಸೆಂಬರಿನಲ್ಲಿ ಮಧ್ಯಾಹ್ನ 3 ಗಂಟೆಗೆ 5 ಅಡಿ ಎತ್ತರದ ಬೇಲಿಯ ನೆರಳು ಸುಮಾರು ಆರೂವರೆ ಅಡಿ ಚಾಚುತ್ತದೆ. ಬೆಳಗಿನ ಬಿಸಿಲು ಸ್ಟ್ರಾಬೆರಿಗೆ ಪೂರ್ತಿ ಸಿಗುತ್ತದೆ, ಸುಡುವ ಹೊತ್ತಿಗೆ ನೆರಳು ಬಂದು ಬೀಳುತ್ತದೆ. ಕರಾವಳಿಯಲ್ಲಿ ಎರಡನ್ನೂ ಹತ್ತಿರ ಬೆಳೆಯುವುದರ ದೊಡ್ಡ ಲಾಭ ಇದೇ. ಇನ್ನೂ ಹತ್ತಿರ ತಂದರೆ ಮುಳ್ಳಿನ ಬಳ್ಳಿ ಬಾಗಿ, ಅದರ ಇಬ್ಬನಿ ನೀರು ರಾತ್ರಿಯಿಡೀ ಸ್ಟ್ರಾಬೆರಿ ಎಲೆಯ ಮೇಲೆ ತೊಟ್ಟಿಕ್ಕುತ್ತದೆ. ಹಣ್ಣು ಕೊಳೆಯುವುದಕ್ಕೆ ಬೇರೆ ಕಾರಣ ಬೇಡ.

ರಾಸ್ಪ್‌ಬೆರಿ ಎಂದರೆ ಚಿತ್ರದಲ್ಲಿ ಕಾಣುವ ಕೆಂಪು ಜಾತಿ ಅಲ್ಲ. ಅದು ಹೂ ಬಿಡಲು 7 ಡಿಗ್ರಿಗಿಂತ ಕಡಿಮೆ ಚಳಿ ನೂರಾರು ಗಂಟೆ ಬೇಕು, ನಮ್ಮಲ್ಲಿ ಒಂದು ಗಂಟೆಯೂ ಸಿಗದು. ತಳಿಯ ಹೆಸರಿಲ್ಲದೆ ಬರೀ ‘ರಾಸ್ಪ್‌ಬೆರಿ’ ಎಂದು ಮಾರುವ ಗಿಡಕ್ಕೆ ದುಡ್ಡು ಹಾಕಬೇಡಿ. ಇಲ್ಲಿಗೆ ಒಗ್ಗುವುದು ಮೈಸೂರು ರಾಸ್ಪ್‌ಬೆರಿ, ಸಸ್ಯಶಾಸ್ತ್ರದ ಹೆಸರು ರೂಬಸ್ ನಿವಿಯಸ್. ಕಾಂಡದ ಮೇಲೆ ಬೂದಿ ಬಳಿದಂತೆ ಬಿಳಿ ಪುಡಿ, ಕೊಕ್ಕೆಯಂಥ ಮುಳ್ಳು. ಹಣ್ಣು ಕೆಂಪಾಗಿ, ಆಮೇಲೆ ಕಪ್ಪಾಗುತ್ತದೆ. ಚಳಿ ಕಡಿಮೆ ಇರುವ ಅಮೆರಿಕದ ಫ್ಲಾರಿಡಾದ ದಕ್ಷಿಣದಲ್ಲೂ ಮನೆಯಂಗಳದಲ್ಲಿ ಬೆಳೆಯುವುದು ಇದನ್ನೇ. ಫಸಲು ಘಟ್ಟದ ಮೇಲಿನಷ್ಟು ಬರುವುದಿಲ್ಲ, ಮನೆಮಂದಿಗೆ ಸಾಕು.

ಘಟ್ಟದ ಮೇಲಿಂದ ತರುವಾಗ ಬೇರು ಬಿಟ್ಟ ತುದಿಯನ್ನೇ ಕೇಳಿ ತನ್ನಿ. ಮುರಕಲ್ಲು ಕಟ್ಟಿ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ, ಗಿಡದಿಂದ ಗಿಡಕ್ಕೆ 4 ಅಡಿ ಬಿಟ್ಟು ನೆಡಬೇಕು. ದಿಬ್ಬ ಇಲ್ಲದಿದ್ದರೆ ಜೂನ್–ಜುಲೈ ಮಳೆಗೆ ಬೇರು ಕೊಳೆತೇ ಕೊಳೆಯುತ್ತದೆ. ಎರಡು ಗೂಟಗಳ ನಡುವೆ 3 ಮತ್ತು 5 ಅಡಿ ಎತ್ತರಕ್ಕೆ ತಂತಿ ಎಳೆದು ಬಳ್ಳಿ ಕಟ್ಟುತ್ತೇನೆ. ಹೊಸ ಚಿಗುರು 4 ಅಡಿಗೆ ಬಂದಾಗ ತುದಿ ಚಿವುಟಿದರೆ ಪಕ್ಕದ ಕವಲು ಒಡೆದು ಹೆಚ್ಚು ಹೂ ಬರುತ್ತದೆ. ಬಾಗಿದ ತುದಿ ನೆಲ ಮುಟ್ಟಿದಲ್ಲೆಲ್ಲ ಬೇರು ಬಿಡುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಎತ್ತಿ ಕಟ್ಟಲೇಬೇಕು. ಗಾಲಾಪಗೋಸ್ ದ್ವೀಪಗಳಲ್ಲಿ ಇದೇ ಗಿಡ ಹತೋಟಿ ತಪ್ಪಿ ಅಲ್ಲಿನ ಸಸ್ಯಗಳಿಗೆ ಕಂಟಕವಾಗಿದೆ. ಹಣ್ಣಿನ ಬೀಜವನ್ನು ತೋಡಿನ ಬದಿಗೆ ಎಸೆಯಬೇಡಿ.

ಸ್ಟ್ರಾಬೆರಿಯನ್ನು ನಾನು ವರ್ಷಪೂರ್ತಿ ಇಟ್ಟುಕೊಳ್ಳುವ ಗಿಡವೆಂದು ಎಣಿಸುವುದೇ ಇಲ್ಲ. ಅಕ್ಟೋಬರ್ ಕೊನೆಗೆ ನೆಟ್ಟು, ಮಾರ್ಚ್‌ಗೆ ಮುಗಿಸುವ ಬೆಳೆ ಅದು. ಸ್ವೀಟ್ ಚಾರ್ಲಿ ಮತ್ತು ವಿಂಟರ್ ಡಾನ್, ಎರಡೂ ಫ್ಲಾರಿಡಾದ ತಳಿಗಳು, ಪರವಾಗಿಲ್ಲ. ನಮ್ಮ ಸೆಕೆಗೆ ಹೊಸ ಹೂಮೊಗ್ಗು ಕಟ್ಟುವುದು ಕಷ್ಟ. ಹಾಗಾಗಿ ತಂಪು ಊರಿನ ನರ್ಸರಿಯಲ್ಲಿ ಬೆಳೆದು, ಒಳಗೆ ಆಗಲೇ ಮೊಗ್ಗು ಕಟ್ಟಿರುವ ಗಿಡ ತರಿಸಬೇಕು. ಬುಡದ ಗಡ್ಡೆ ಪೆನ್ಸಿಲಿಗಿಂತ ದಪ್ಪ ಇದೆಯೇ ನೋಡಿ ಆರಿಸಿ. ಸಪೂರ ಗಿಡ ಎಲೆ ಬಿಟ್ಟುಕೊಂಡೇ ಕಾಲ ಕಳೆಯುತ್ತದೆ.

8 ಇಂಚಿನ ಚಟ್ಟಿಗೆ ಒಂದೇ ಗಿಡ. ಮಿಶ್ರಣ: ತೆಂಗಿನ ನಾರಿನ ಪುಡಿ 2 ಪಾಲು, ಹಳೆಯ ಹಟ್ಟಿಗೊಬ್ಬರ 1, ಸುಡುಮಣ್ಣು (ಕಸಕಡ್ಡಿಯೊಡನೆ ಸುಟ್ಟ ಮಣ್ಣು) 1, ಕರಿ ಉಮಿ (ಕರಿಯಾಗಿ ಸುಟ್ಟ ಭತ್ತದ ಹೊಟ್ಟು) 1. ನಾರಿನ ಪುಡಿಯನ್ನು ಹಾಗೇ ಹಾಕಬೇಡಿ. ಅದರಲ್ಲಿ ಉಪ್ಪಿರುತ್ತದೆ, ಸ್ಟ್ರಾಬೆರಿಗೆ ಉಪ್ಪು ಸ್ವಲ್ಪವೂ ಆಗದು. ಮೂರು ಸಲ ನೆನೆಸಿ, ಹಿಂಡಿ, ನೀರು ಚೆಲ್ಲಿ. ಹೊಳೆ ಅಳಿವೆಯ ಹತ್ತಿರದವರ ಬಾವಿ ನೀರು ಫೆಬ್ರವರಿ–ಮಾರ್ಚ್‌ನಲ್ಲಿ ಉಪ್ಪಾಗುವುದುಂಟು. ಎಲೆಯ ಅಂಚು ಕಂದಾಗಿ ಗರಿಗರಿಯಾದರೆ ಗೊಬ್ಬರದ ಕೊರತೆ ಅಂದುಕೊಂಡು ಇನ್ನಷ್ಟು ಗೊಬ್ಬರ ಹಾಕುವ ಮೊದಲು ನೀರನ್ನು ನಾಲಿಗೆಗೆ ಹಾಕಿ ನೋಡಿ.

ನೆಡುವಾಗ ಎಲ್ಲರೂ ತಪ್ಪುವುದು ಆಳದಲ್ಲಿ. ಎಲೆತೊಟ್ಟುಗಳೆಲ್ಲ ಹುಟ್ಟುವ ಗಡ್ಡೆಯ ಅರ್ಧ ಭಾಗ ಮಣ್ಣೊಳಗೆ, ಅರ್ಧ ಮೇಲೆ ಇರಬೇಕು. ನಡುವಿನ ಎಳೆ ಚಿಗುರು ಮಣ್ಣಿಗೆ ತಾಗಿದರೂ ಹತ್ತು ದಿನದಲ್ಲಿ ಕಪ್ಪಾಗಿ, ಎಳೆದರೆ ಕೈಗೇ ಬರುತ್ತದೆ. ನೀರು ಹೊಯ್ದ ಮೇಲೆ ಮಿಶ್ರಣ ಅರ್ಧ ಇಂಚು ಕೂರುತ್ತದೆ, ಆಗ ಬೇರು ಹೊರಗೆ ಕಂಡರೆ ಮತ್ತೆ ಸ್ವಲ್ಪ ತುಂಬಿಸಿ. ಮೇಲೆ ಬೈಹುಲ್ಲು ಹಾಸಿ. ಹಣ್ಣು ಮಣ್ಣು ಮುಟ್ಟಬಾರದು. ಚಟ್ಟಿಯ ಸುತ್ತ ಅಡಿಕೆ ಹಾಳೆ ಸುತ್ತಿ ಕಟ್ಟಿದರೆ ಬೇರಿಗೆ ಕಾವು ತಾಗುವುದಿಲ್ಲ. ಪ್ಲಾಸ್ಟಿಕ್ ಚಟ್ಟಿಗಂತೂ ಇದು ಬೇಕೇ ಬೇಕು.

ಮೊದಲ ಎರಡು ವಾರದಲ್ಲಿ ಬರುವ ಹೂ ಚಿವುಟಿ. ಆಮೇಲೆ ಹೂ ಬರುವವರೆಗೆ ವಾರಕ್ಕೊಮ್ಮೆ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವುದು) ಲೀಟರ್ ನೀರಿಗೆ 1 ಗ್ರಾಂ. ಕಡಲೆಹಿಂಡಿ ಜಾಸ್ತಿಯಾದರೆ ಎಲೆ ಸೊಂಪು, ಹಣ್ಣು ಮೆತ್ತಗೆ. ಮುಜಂಟಿ ಜೇನಿನ ಗೂಡು ಹತ್ತಿರವಿದ್ದರೆ ನಿಮ್ಮ ಭಾಗ್ಯ. ಇಲ್ಲವಾದರೆ ಬೆಳಗ್ಗೆ 10ರಿಂದ 12ರೊಳಗೆ ಮೆತ್ತನೆಯ ಬ್ರಶ್‌ನಿಂದ ಹೂವಿನ ನಡುಭಾಗವನ್ನು ಸುತ್ತ ಸವರಿ. ಹಣ್ಣಿನ ಮೇಲಿನ ಒಂದೊಂದು ಬೀಜಕ್ಕೂ ಪರಾಗ ತಲುಪಬೇಕು, ತಲುಪದ ಕಡೆ ತಿರುಳು ಊದದೆ ಹಣ್ಣು ಸೊಟ್ಟಗಾಗುತ್ತದೆ. ನನ್ನಲ್ಲಿ ಒಂದು ಗಿಡಕ್ಕೆ 100ರಿಂದ 150 ಗ್ರಾಂ ಬಂದರೆ ಒಳ್ಳೆಯ ವರ್ಷ. ಕಿತ್ತ ಮೇಲೆ ಸಿಹಿ ಏರುವುದಿಲ್ಲವಾದ್ದರಿಂದ ತೊಟ್ಟಿನವರೆಗೆ ಕೆಂಪಾದ ಮೇಲೇ ಕೀಳಬೇಕು. ಅಷ್ಟರಲ್ಲಿ ಪಿಕಳಾರಗಳು ಬಂದುಬಿಡುತ್ತವೆ, ಬಲೆ ಹಾಕಿ.

ಹತ್ತಿರ ಬೆಳೆಯುವಾಗ ರೋಗದ ಲೆಕ್ಕ ಹೀಗೆ. ವರ್ಟಿಸಿಲಿಯಂ ಎಂಬ ಸೊರಗು ಶಿಲೀಂಧ್ರ ಎರಡಕ್ಕೂ ಬರುತ್ತದೆ, ಬದನೆ, ಟೊಮೆಟೊಗಳಿಗೂ ಬರುತ್ತದೆ. ಆದ್ದರಿಂದ ಗುಳ್ಳ (ನಮ್ಮ ಕಡೆಯ ದುಂಡು ಬದನೆ) ಬೆಳೆದ ಪಾತಿಯ ಮಣ್ಣನ್ನು ಇವೆರಡಕ್ಕೂ ಮುಟ್ಟಿಸುವುದಿಲ್ಲ. ಆದರೆ ಆ ಶಿಲೀಂಧ್ರಕ್ಕೆ ತಂಪು ಹಿತ. ನಮ್ಮ ಸೆಕೆಯಲ್ಲಿ ಹೆಚ್ಚು ಕಾಡುವುದು ಕೆಂಪು ನುಸಿ. ಫೆಬ್ರವರಿಯಲ್ಲಿ ಎಲೆ ಮಂಕಾಗಿ ಸಣ್ಣ ಸಣ್ಣ ಚುಕ್ಕಿ ಕಂಡರೆ ಎಲೆ ಮಗುಚಿ ನೋಡಿ, ನವಿರಾದ ಬಲೆ ಇರುತ್ತದೆ. ರಾಸ್ಪ್‌ಬೆರಿಯನ್ನೂ ಆವತ್ತೇ ನೋಡಬೇಕು, ಒಂದರಲ್ಲಿ ಉಳಿದರೆ ಇನ್ನೊಂದಕ್ಕೆ ದಾಟುತ್ತದೆ. ಎರಡು ದಿನ ಬೆಳಗ್ಗೆ ಎಲೆಯಡಿಗೆ ಜೋರಾಗಿ ನೀರು ಹಾರಿಸಿ, ಮೂರನೆಯ ದಿನ ಸಂಜೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸೋಪು ನೀರಿನೊಂದಿಗೆ ಸಿಂಪಡಿಸುತ್ತೇನೆ.

ರಾಸ್ಪ್‌ಬೆರಿ ಹಣ್ಣಾಗಿದೆಯೇ ಎಂದು ತಿಳಿಯಲು ಬಣ್ಣ ಸಾಲದು. ಹೆಬ್ಬೆರಳಿನಿಂದ ಮೆಲ್ಲನೆ ತಳ್ಳಿದರೆ ಬಿಳಿ ತಿರುಳುಗಂಬ ಗಿಡದಲ್ಲೇ ಉಳಿದು ಹಣ್ಣು ಟೋಪಿಯಂತೆ ಕಳಚಬೇಕು. ಹಣ್ಣು ಕೊಟ್ಟ ಕಾಂಡಗಳನ್ನು ಮೇ ತಿಂಗಳಲ್ಲಿ, ಮಳೆಗೆ ಮೊದಲು, ಬುಡಕ್ಕೇ ಕತ್ತರಿಸಿ ಗಾಳಿ ಆಡಲು ಜಾಗ ಬಿಡುತ್ತೇನೆ. ಸ್ಟ್ರಾಬೆರಿಯ ಬುಡದಿಂದ ಹರಿದ ಬಳ್ಳಿಯಲ್ಲಿ ಹುಟ್ಟುವ ಸಸಿಗಳನ್ನು ಮಾಡಿನಡಿ ಇಟ್ಟು ಮಳೆಗಾಲ ದಾಟಿಸಬಹುದಾದರೂ ಹೆಚ್ಚಿನವು ಗಡ್ಡೆ ಕೊಳೆತು ಹೋಗುತ್ತವೆ. ಅದರ ಬದಲು ಚಟ್ಟಿಯ ಮಣ್ಣನ್ನು ತೆಂಗಿನ ಬುಡಕ್ಕೆ ಸುರಿದು, ಅಕ್ಟೋಬರಿಗೆ ಹೊಸ ಗಿಡ, ಹೊಸ ಮಣ್ಣು.